ಹಣಮವ್ವ ಕಾರವಾರಕ್ಕೆ ಹೋದದ್ದು

ಮಗಳು ಅಫಜಲಪುರದ ಸಂತೆಯಲ್ಲಿ ಬಂಡಿಯ ಮೇಲೆ ನಿಂತು ತನ್ನ ಕಾಲಿನ ಸುದ್ದಿ ಹೇಳಿದಳೆಂಬುದು ಹಣಮವ್ವನಿಗೆ ಗೊತ್ತಾದದ್ದು ಸಂತೆಯಿಂದ ಮರಳಿದ ನೆರೆಮನೆಯವರ ಬಾಯಿಂದ. "ನಮ್ಮವ್ವಗ ಆನಿಕಾಲು ಅದ. ನಾ ಸಣ್ಣಾಕಿ ಇದ್ದಾಗಿಂದ ಆಕಿ ಹಗಲಹೊತ್ತು ಹೊಸ್ತಿಲಾ ದಾಟಿಲ್ಲ" ಎಂದು, ಕಾಯಿಪಲ್ಲೆ ಮಾರುವವರಿಂದ ಹಿಡಿದು ಧಾನ್ಯದ ಅಡತಿ ಅಂಗಡಿಯವರ ತನಕ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ್ದಳಂತೆ. ರೊಟ್ಟಿ ಬಡಿಯುತ್ತಿದ್ದ ಹಣಮವ್ವನ ಕೈ ಅಲ್ಲೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಕರಿಯಾಯಿತು.

ಸಂಜೆ ಗಂಗುಬಾಯಿ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದಾಗ ತಾಯಿ ಒಳಗಿನಿಂದಲೇ ಕೇಳಿದಳು.

"ಸಂತ್ಯಾಗ ಏನ್ ಮಾರಿ ಬಂದಿ ಬೇ?"

"ಏನೂ ಮಾರಿಲ್ಲ ಯವ್ವಾ."

"ನನ್ನ ಕಾಲು ಮಾರಿ ಬಂದಿ. ಊರ ಮುಂದ ನನ್ನ ಇಜ್ಜತ್ ಹರಾಜ್ ಹಾಕಿ ಬಂದಿ."

ಗಂಗುಬಾಯಿ ಸೈಕಲ್ಲನ್ನು ಗೋಡೆಗೆ ಆನಿಸಿ, ಕೈಕಾಲು ತೊಳೆದು, ತಾಯಿಯ ಎದುರು ಬಂದು ಕೂತಳು. ಆದರೆ ಹಣಮವ್ವ ಆ ರಾತ್ರಿ ಮಗಳಿಗೆ ತಾಟು ಹಚ್ಚಿ ಕೊಟ್ಟಳೇ ಹೊರತು ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ.

ಹಣಮವ್ವನ ಬಲಗಾಲಿಗೆ ಆ ರೋಗ ಹತ್ತಿದ್ದು ಗಂಗುಬಾಯಿ ಇನ್ನೂ ಕೂಸಾಗಿದ್ದಾಗ. ಮೊದಮೊದಲು ಅಮಾಸೆಗೊಮ್ಮೆ ಹುಣ್ಣಿಮೆಗೊಮ್ಮೆ ನಡುಕ ಹುಟ್ಟಿಸುವ ಜ್ವರ. ಜ್ವರ ಇಳಿದ ಮೇಲೆ ಕಾಲಿಗೆ ಬಂದ ಬಾವು ಮಾತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಹೀಗೆ ಬಾವಿನ ಮೇಲೆ ಬಾವು ಕೂತು, ವರ್ಷಗಳು ಕಳೆದ ಹಾಗೆ ಮೊಣಕಾಲಿನ ಕೆಳಗೆ ಕಾಲು ಕಂಬದಂತಾಯಿತು. ಯಾರೋ ಹಿಂದಿನ ಜನ್ಮದ ಪಾಪ ಎಂದರು. ಯಾರೋ ಮಾಟ ಎಂದರು. ಹಣಮವ್ವ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು, ತವರಿಗೆ ಹೋಗುವುದನ್ನು ಬಿಟ್ಟಳು. ಮನೆಗೆ ಯಾರಾದರೂ ಬಂದರೆ ಸೀರೆಯ ನೆರಿಗೆಯನ್ನು ಕಾಲಿನ ಸುತ್ತ ಹರಡಿಕೊಂಡು, ಅವರು ಎದ್ದು ಹೋಗುವ ತನಕ ಕೂತಲ್ಲಿಂದ ಅಲುಗುತ್ತಿರಲಿಲ್ಲ. ನೀರು ತರುವ ಕೆಲಸವನ್ನು ಗಂಡ ಬೀರಣ್ಣನೇ ವಹಿಸಿಕೊಂಡಿದ್ದ. ಗಂಡಸು ಕೊಡ ಹೊರುತ್ತಾನೆಂದು ಜನ ನಕ್ಕರೆ ಅವನೂ ಅವರ ಜೊತೆ ನಗುತ್ತಿದ್ದ.

ಬೀರಣ್ಣ ಹಾಗೇ. ಮಾತು ಕಡಿಮೆ, ಮೈ ಗಟ್ಟಿ. ಊರ ಪಕ್ಕದ ಭೀಮಾ ನದಿಯ ಆಚೆಯ ದಂಡೆಗೂ ಅವನದೊಂದು ತುಂಡು ಹೊಲವಿತ್ತು. ದೋಣಿಗೆ ಕಾಯುವ ತಾಳ್ಮೆಯಿಲ್ಲದೆ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಬುತ್ತಿಯ ಗಂಟನ್ನು ತಲೆಗೆ ಸುತ್ತಿಕೊಂಡು ಈಜಿಯೇ ದಾಟುತ್ತಿದ್ದ. ಮಗಳು ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಅವಳ ಬೆನ್ನಿಗೂ ಒಂದು ಬುರುಡೆ ಕಟ್ಟಿದ. ಹೈಸ್ಕೂಲಿಗೆ ಅಫಜಲಪುರಕ್ಕೆ ಹೋಗುವ ಹೊತ್ತಿಗೆ ಅವಳು ಬುರುಡೆಯಿಲ್ಲದೆ ತಂದೆಗಿಂತ ಮುಂಚೆ ಆಚೆಯ ದಂಡೆ ಮುಟ್ಟುತ್ತಿದ್ದಳು. ಶಾಲೆಗೆ ಸೈಕಲ್ ತುಳಿದಳು. ಓಟದ ಪಂದ್ಯದಲ್ಲಿ ಜಿಲ್ಲೆಗೇ ಹೆಸರು ತಂದಳು. ಗುಲಬರ್ಗಾದಲ್ಲಿ ತರಬೇತಿ ಮುಗಿಸಿ, ತಾನು ಓದಿದ ಊರಿನ ಹೆಣ್ಣುಮಕ್ಕಳ ಶಾಲೆಗೇ ಆಟದ ಟೀಚರಾಗಿ ಬಂದಳು. ಅವಳಿಗೆ ಬಂದ ಬಹುಮಾನಗಳೆಲ್ಲ ಮನೆಯ ಗೋಡೆಯ ಮಾಡದಲ್ಲಿ ಸಾಲಾಗಿ ಕೂತಿದ್ದವು. ಅವುಗಳಲ್ಲಿ ಒಂದನ್ನೂ ಅವಳು ತೆಗೆದುಕೊಳ್ಳುವುದನ್ನು ಹಣಮವ್ವ ಕಣ್ಣಾರೆ ಕಂಡಿರಲಿಲ್ಲ.

ಡಾಕ್ಟರ್ ನಜಮುನ್ನಿಸಾ ಅವರನ್ನು ಮನೆಗೆ ಕರೆತಂದವಳೂ ಗಂಗುಬಾಯಿಯೇ. ಆಕೆ ಸರಕಾರಿ ನೌಕರಿಯಿಂದ ನಿವೃತ್ತರಾಗಿ, ಜೇವರ್ಗಿಯಲ್ಲಿ ಆನೆಕಾಲಿನ ರೋಗಿಗಳಿಗಾಗಿ ಒಂದು ಸಣ್ಣ ಸಂಘವನ್ನೂ ದವಾಖಾನೆಯನ್ನೂ ಕಟ್ಟಿಕೊಂಡಿದ್ದರು. ತಮ್ಮ ಹಳೆಯ ಜೀಪಿನಲ್ಲಿ ಹಳ್ಳಿ ಹಳ್ಳಿ ಅಲೆಯುತ್ತಿದ್ದರು. ಬಂದವರೇ ನೆಲಕ್ಕೆ ಕೂತು ಹಣಮವ್ವನ ಕಾಲನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡಿದ್ದರು. ಗಂಡನೊಬ್ಬನನ್ನು ಬಿಟ್ಟರೆ ಎಷ್ಟೋ ವರ್ಷಗಳಲ್ಲಿ ಆ ಕಾಲನ್ನು ಇನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

"ಇದು ಪಾಪದಿಂದ ಬಂದದ್ದಲ್ಲ ಹಣಮವ್ವ, ಸೊಳ್ಳಿಂದ ಬಂದದ್ದು" ಎಂದಿದ್ದರು. "ಕಾಲು ಮೊದಲಿನಂಗ ಸಣ್ಣ ಆಗ್ತದ ಅಂತ ನಾ ಸುಳ್ಳು ಹೇಳೂದಿಲ್ಲ. ಆದ್ರ ಜ್ವರ ನಿಲ್ಲಿಸಬಹುದು. ದಿನಾ ಸಾಬಾಣ ಹಚ್ಚಿ ತೊಳಿ, ಬೆರಳ ಸಂದಿ ಹಸಿ ಇಡಬ್ಯಾಡ, ಮಲಗುವಾಗ ದಿಂಬಿನ ಮ್ಯಾಲ ಇಡು. ಗುಳಿಗಿ ತಪ್ಪಿಸಬ್ಯಾಡ."

ಹಣಮವ್ವ ಹೇಳಿದಂತೆ ಮಾಡಿದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಮಾಸೆಯ ಜ್ವರ ನಿಂತೇಹೋಯಿತು. ಕಾಲಿನ ಭಾರವೂ ತುಸು ಇಳಿಯಿತು. ಬೇನೆ ಹೋಯಿತು, ನಾಚಿಕೆ ಹೋಗಲಿಲ್ಲ.

ಅಷ್ಟರಲ್ಲಿ ಡಾಕ್ಟರಬಾಯಿಯ ಜೀಪು ಜೇವರ್ಗಿ ರಸ್ತೆಯಲ್ಲಿ ಹೊಗೆ ಉಗುಳಿ ನಿಂತದ್ದು ಮತ್ತೆ ಏಳಲೇ ಇಲ್ಲ. ರೋಗಿಗಳೇ ಬಸ್ಸು ಹತ್ತಿ ಬರಬಹುದಲ್ಲ ಎಂದರೆ ಅವರು ಬರುವವರಲ್ಲ. ಪಕ್ಕದಲ್ಲಿ ಕೂತವರು ಕಾಲು ನೋಡಿ ಎದ್ದು ನಿಲ್ಲುವುದನ್ನು ಒಮ್ಮೆ ಕಂಡವರು ಎರಡನೆಯ ಸಲ ಬಸ್ಸು ಹತ್ತುತ್ತಿರಲಿಲ್ಲ. ಗಂಗುಬಾಯಿಗೆ ಆಗ ನೆನಪಾದದ್ದು, ಹಿಂದೆ ಶಿಬಿರಕ್ಕೆಂದು ಮದ್ರಾಸಿಗೆ ಹೋಗಿದ್ದಾಗ ಕಂಡ ಒಂದು ಪಂದ್ಯ. ಟ್ರಯತ್ಲಾನ್ ಅಂತ ಅದರ ಹೆಸರು. ಮೊದಲು ಒಂದು ಮೈಲಿಯಷ್ಟು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಇಪ್ಪತ್ತೈದು ಮೈಲಿ ತುಳಿಯಬೇಕು, ಇಳಿದವರೇ ಆರು ಮೈಲಿ ಓಡಬೇಕು, ನಡುವೆ ಎಲ್ಲೂ ವಿಶ್ರಾಂತಿಯಿಲ್ಲ. ಅಲ್ಲಿ ಕೆಲವರು, ನಾನು ಮುಗಿಸಿದ ಮೈಲಿಗೆ ಇಷ್ಟು ಕೊಡಿ ಎಂದು ಕೇಳಿ ಒಂದು ಕ್ಯಾನ್ಸರ್ ಆಸ್ಪತ್ರೆಗೆ ನೆರವು ಕೂಡಿಸುತ್ತಿದ್ದರು. ನಮ್ಮ ಕಡೆ ಕೈಯಲ್ಲಿ ರೊಕ್ಕ ಇರುವವರು ಕಡಿಮೆ, ಆದರೆ ಕಣದಲ್ಲಿ ತೊಗರಿ ಇರುತ್ತದೆ ಎಂದುಕೊಂಡಳು ಗಂಗುಬಾಯಿ. ಅದಕ್ಕೇ ಸಂತೆಯಲ್ಲಿ ಬಂಡಿ ಹತ್ತಿದ್ದು. "ನಾ ಒಂದು ಮೈಲಿ ಮುಗಿಸಿದ್ರ ನೀವು ಒಂದು ಸೇರು ತೊಗರಿ ಕೊಡ್ರಿ. ಡಾಕ್ಟರಬಾಯಾರಿಗೆ ಗಾಡಿ ಆಗಬೇಕು" ಎಂದು ಕೇಳಿದ್ದಳು. ಯಾರ ಸಲುವಾಗಿ ಎಂದು ಒಬ್ಬ ಕೇಳಿದಾಗ ತಾಯಿಯ ಮಾತು ಬಂದಿತ್ತು.

ಇದನ್ನೆಲ್ಲ ಬೀರಣ್ಣ ಹೆಂಡತಿಗೆ ಬಿಡಿಸಿ ಹೇಳಿದ. "ಮಂದಿ ಮುಂದ ಚಡ್ಡಿ ಹಾಕ್ಕೊಂಡು ಓಡ್ತಾಳಂತ" ಎಂದು ಮೂದಲಿಸಲು ಬಂದ ನೆರೆಯವಳಿಗೆ ಹಣಮವ್ವ, "ನೀರಿಗೆ ಸೀರಿ ಉಟ್ಟು ಬೀಳ್ತಾರೇನ?" ಎಂದು ತಿರುಗಿಸಿ ಕೊಟ್ಟಳು.

ಮೊದಲ ಪಂದ್ಯ ಮದ್ರಾಸಿನಲ್ಲಿ. ತಂದೆ ಮಗಳು ರೈಲು ಹತ್ತಿದರು. ಅಫಜಲಪುರದ ಸೈಕಲ್ ಅಂಗಡಿಯ ಲಾಡ್ಲೆಸಾಬ ಅವಳ ಸೈಕಲ್ಲಿನ ಕ್ಯಾರಿಯರು, ಮಡ್‌ಗಾರ್ಡು, ಬೆಲ್ಲು ಎಲ್ಲ ಕಳಚಿ, ತೂಕ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದ. ಅಲ್ಲಿ ಬಂದವರ ಸೈಕಲ್ಲುಗಳು ಜಿಂಕೆಯ ಹಾಗಿದ್ದರೆ ಗಂಗುಬಾಯಿಯದು ಎತ್ತಿನ ಹಾಗಿತ್ತು. ಅವಳು ಕಡೆಯಿಂದ ಎರಡನೆಯವಳಾಗಿ ಮುಗಿಸಿದಳು. ಊರಿಗೆ ಬಂದ ಮೇಲೆ ಬೀರಣ್ಣ ಹೆಂಡತಿಗೆ ಸಮುದ್ರವನ್ನು ವರ್ಣಿಸಿದ್ದು ಒಂದೇ ಮಾತಿನಲ್ಲಿ. "ಆ ನೀರು ಹರಿಯೂದಿಲ್ಲ ನೋಡು, ಎದ್ದು ಬಂದು ಹೊಡೀತದ."

ಎರಡನೆಯ ಸಲ ಪುಣೆಗೆ ಹೋದರು. ಅಲ್ಲಿ ಕೆರೆಯ ನೀರು, ಅಲೆಯಿಲ್ಲ. ಗಂಗುಬಾಯಿ ನಡುವಿನಲ್ಲಿ ಬಂದಳು. ಹೊರಡುವ ಹಿಂದಿನ ದಿನ ಹಣಮವ್ವ ಯಾರೂ ಹೇಳದೆಯೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಬಿಳಿ ಅರಿವೆಯಲ್ಲಿ ಕಟ್ಟಿ ಸೈಕಲ್ಲಿನ ಪಕ್ಕ ಇಟ್ಟಿದ್ದಳು. ಮಾತಿಗೆ ಬದಲು ಗಂಟು. ಗಂಗುಬಾಯಿ ಅದನ್ನು ಎದೆಗೆ ಒತ್ತಿಕೊಂಡು ಹೋದಳು. ತೊಗರಿ ಕೊಡುವವರೂ ಹೆಚ್ಚಿದರು. ಮೊದಲು ನಕ್ಕವರು ಈಗ, "ನಮ್ಮ ಪೋರಿ ಎಷ್ಟ ಮೈಲಿ ಓಡ್ಯಾಳ?" ಎಂದು ತಾವಾಗಿ ಕೇಳುತ್ತಿದ್ದರು. ಆದರೂ ಗಾಡಿಯ ಬೆಲೆಗೆ ಅದು ಸಾಲುವ ಮಾತಾಗಿರಲಿಲ್ಲ. ತೊಗರಿ ಎಂದರೆ ಆಳಂದ. ಅಲ್ಲಿಯ ದೊಡ್ಡ ಜಮೀನುದಾರರು ಕೈ ಹಚ್ಚಿದರೆ ಮಾತ್ರ ಕೆಲಸ ಆದೀತು.

ಗಂಗುಬಾಯಿ ಆಳಂದಕ್ಕೆ ಹೋದಳು. ಅಡತಿ ಬಜಾರಿನಲ್ಲಿ ದೌಲತರಾಯ ಪಾಟೀಲರ ಮಾತೇ ಮಾತು. ಹೊಲ, ವಾಡೆ, ಅಡತಿ ಅಂಗಡಿ, ಎರಡು ಜೀಪು, ಎಲ್ಲ ಇದ್ದವರು. ಅವಳು ಹೇಳುವುದನ್ನು ಅವರು ಕಡೆಯ ತನಕ ಕೇಳಿದರು. ಆಮೇಲೆ ಕೂತ ಜನರೆಲ್ಲರ ಎದುರಿಗೇ ಅಂದರು:

"ಶರಮ್ ಬಿಡ್ರಿ, ದವಾಖಾನಿಗೆ ಬರ್ರಿ ಅಂತ ಊರಿಗೆಲ್ಲಾ ಹೇಳಾಕ ಬಂದಿ. ನಿನ್ನ ತಾಯಿನ್ನ ಮಾತ್ರ ಮನ್ಯಾಗ ಮುಚ್ಚಿಟ್ಟೀದಿ. ಮೊದಲ ಆಕಿನ್ನ ನಾಲ್ಕು ಮಂದ್ಯಾಗ ಕರಕೊಂಡು ಬಾ. ಆಮ್ಯಾಲ ತೊಗರಿ ಮಾತಾಡೂಣು."

ಗಂಗುಬಾಯಿ ತಲೆ ತಗ್ಗಿಸಿದಳು. ನಮಸ್ಕಾರ ಮಾಡಿ ಎದ್ದು ಬಂದಳು. ತಾಯಿಗೆ ಈ ಮಾತು ತಿಳಿಯಬಾರದೆಂದು ತಂದೆಯಿಂದ ಆಣೆ ಹಾಕಿಸಿಕೊಂಡಳು. ಆದರೆ ಬೀರಣ್ಣ ಹೆಂಡತಿಯಿಂದ ಯಾವತ್ತೂ ಏನನ್ನೂ ಮುಚ್ಚಿಟ್ಟವನಲ್ಲ. ಮರುದಿನ ಬೆಳಿಗ್ಗೆ ಹಣಮವ್ವ ಕಾಲು ತೊಳೆದುಕೊಳ್ಳುತ್ತ ಕೂತಿದ್ದಾಗ, ತಂಬಿಗೆಯಿಂದ ನೀರು ಹಾಕುತ್ತ ಹಾಕುತ್ತ ಹೇಳಿಬಿಟ್ಟ.

ಹಣಮವ್ವನಿಗೆ ಮೊದಲು ಬಂದದ್ದು ಸಿಟ್ಟು. ಆ ಪಾಟೀಲನಿಗೆ ಏನು ಗೊತ್ತು ಈ ಕಾಲಿನ ಕಷ್ಟ? ಆದರೆ ಬೆರಳ ಸಂದಿಗಳನ್ನು ಒಣ ಅರಿವೆಯಿಂದ ಒರೆಸುತ್ತ ಹೋದ ಹಾಗೆ ಸಿಟ್ಟು ಬೇರೆ ಕಡೆ ತಿರುಗಿತು. ಮಗಳು ತನ್ನ ಸಲುವಾಗಿ ಕಂಡರಿಯದ ಸಮುದ್ರಕ್ಕೆ ಬಿದ್ದು ಎದ್ದಿದ್ದಳು. ಮೂರು ತಾಲೂಕು ತಿರುಗಿ ಕೈ ಒಡ್ಡಿದ್ದಳು. ತಾನು ಅವಳಿಗಾಗಿ ದಾಟಿದ್ದು ಅಡಿಗೆಮನೆಯ ಹೊಸ್ತಿಲು. ಇವತ್ತು ತನ್ನಿಂದಾಗಿ ಅವಳು ಹತ್ತು ಜನರ ಎದುರು ತಲೆ ತಗ್ಗಿಸಿ ಬಂದಿದ್ದಳು.

"ಮುಂದಿನ ಪಂದ್ಯ ಎಲ್ಲದ ಅಂತ್ರಿ?" ಎಂದು ಕೇಳಿದಳು.

"ಕಾರವಾರ. ಸಮುದ್ರದ ದಂಡಿ. ಯಾಕ?"

"ನಾನೂ ಬರ್ತೇನಿ."

ಬೀರಣ್ಣನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ಉಳಿದ ನೀರೆಲ್ಲ ಅವನ ಧೋತರದ ಮೇಲೆಯೇ ಹರಿಯಿತು.

ಹೊರಡುವ ದಿನ ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಹಣಮವ್ವ ಇಳಕಲ್ ಸೀರೆ ಉಟ್ಟು, ಗಂಡನ ಹೆಗಲಿಗೆ ಕೈ ಕೊಟ್ಟು, ಯಾರ ಮುಖವನ್ನೂ ನೋಡದೆ ನಡೆದಳು. ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಲಾಡ್ಲೆಸಾಬ ಸೈಕಲ್ಲನ್ನು ಬಸ್ಸಿನ ಮೇಲೆ ಹಗ್ಗ ಹಾಕಿ ಬಿಗಿದು ಇಳಿದು ಬಂದ. "ಅಕ್ಕಾ, ಫಿಕರ್ ಮಾಡಬ್ಯಾಡ್ರಿ. ಚೈನು, ಬ್ರೇಕು ಎಲ್ಲಾ ಹೊಸಾವ ಹಾಕೇನಿ" ಎಂದು ಕೈ ಮುಗಿದ. ಹಣಮವ್ವ ಕಿಟಕಿಯ ಸೀಟಿನಲ್ಲಿ ಕೂತಳು. ಎದುರು ಸಾಲಿನ ಹೆಂಗಸೊಬ್ಬಳು ಬಗ್ಗಿ ನೋಡಿ, ತನ್ನ ಕೂಸನ್ನು ಆಚೆಗೆ ಸರಿಸಿಕೊಂಡಳು. ಹಣಮವ್ವನ ಮುಖ ಬಿಸಿಯಾಯಿತು. ಇಳಿದುಬಿಡಲೇ ಎನಿಸಿತು. ಅಷ್ಟರಲ್ಲಿ ಗಂಗುಬಾಯಿ ಆ ಹೆಂಗಸಿನ ಕಡೆ ತಿರುಗಿ, ಶಾಲೆಯ ಹುಡುಗಿಯರಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಅಕ್ಕಾ, ಇದು ಮುಟ್ಟಿದ್ರ ಬರೂ ರೋಗ ಅಲ್ಲರಿ. ಸೊಳ್ಳಿ ಕಡದ್ರ ಬರ್ತದ. ಕೂಸಿಗೆ ಸೊಳ್ಳಿಪರದಿ ಕಟ್ಟಿ ಮಲಗಸ್ರಿ."

ಹೆಂಗಸು ಗಲಿಬಿಲಿಗೊಂಡು ತಲೆಯಾಡಿಸಿದಳು. ಗುಲಬರ್ಗಾ ಬರುವ ಮುಂಚೆ ಆ ಕೂಸು ಹಣಮವ್ವನ ಮಡಿಲಲ್ಲಿ ಕೂತು ಸಜ್ಜೆ ರೊಟ್ಟಿಯ ಚೂರು ಚೀಪುತ್ತಿತ್ತು.

ಗುಲಬರ್ಗಾದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಘಟ್ಟ ಇಳಿದು ಕಾರವಾರ. ಸಮುದ್ರ ಕಂಡಾಗ ಹಣಮವ್ವ ಬೀರಣ್ಣನ ಕಡೆ ತಿರುಗಿ ತಲೆಯಾಡಿಸಿದಳು. ಗಂಡನ ಮಾತು ಖರೆಯಿತ್ತು, ಅದು ಎದ್ದು ಬಂದು ಹೊಡೆಯುತ್ತಿತ್ತು.

ಪಂದ್ಯದ ಬೆಳಿಗ್ಗೆ ಮರಳ ದಂಡೆಯಲ್ಲಿ ಜನ ಜಾತ್ರೆಯಂತೆ ಸೇರಿದ್ದರು. ಹಗ್ಗ ಕಟ್ಟಿದ ಜಾಗದ ಹೊರಗೆ ಬೀರಣ್ಣ ಗೋಣಿಚೀಲ ಹಾಸಿಕೊಟ್ಟ. ಹಣಮವ್ವ ವಾಡಿಕೆಯಂತೆ ನೆರಿಗೆ ಹರಡಿಕೊಂಡು ಕೂತಳು. ಸೀಟಿ ಊದಿದರು. ಬಣ್ಣದ ಟೊಪ್ಪಿಗೆಗಳು ನೀರಿಗೆ ಬಿದ್ದವು. ಸ್ವಲ್ಪ ಹೊತ್ತಿನಲ್ಲೇ ಯಾರು ಯಾರೆಂದು ತಿಳಿಯದಂತಾದರೂ, ಬೀರಣ್ಣ ಬೆರಳು ಚಾಚಿ ತೋರಿಸಿದ. "ಆಕಿ ನೋಡು. ಭೀಮ್ಯಾಗ ಹೊಡದಂಗೇ ಕೈ ಹೊಡ್ಯಾಕತ್ತಾಳ." ಹೆಣ್ಣುಮಕ್ಕಳಲ್ಲಿ ಎಲ್ಲರಿಗಿಂತ ಮುಂದಿದ್ದಳು. ಹಣಮವ್ವ ಮಗಳು ಈಜುವುದನ್ನು ಕಂಡದ್ದು ಅದೇ ಮೊದಲು. ಮನೆಯಿಂದ ನದಿಗೆ ಕೂಗಳತೆಯ ದೂರ, ಆದರೂ ಕಂಡಿರಲಿಲ್ಲ.

ದಂಡೆಗೆ ಇನ್ನು ಸ್ವಲ್ಪ ಇದೆ ಎನ್ನುವಾಗ ಆ ಕೈ ಒಮ್ಮೆಲೇ ತಡೆದಂತಾಯಿತು. ಹಿಂದಿದ್ದವರು ಒಬ್ಬೊಬ್ಬರಾಗಿ ಮುಂದೆ ಹೋದರು. ಗಂಗುಬಾಯಿ ನೀರಿನಿಂದ ಎದ್ದು ಬಂದದ್ದು ಕುಂಟುತ್ತ. ಮೈಗೆ ತಾಗಿದರೆ ಉರಿ ಏಳಿಸುವ ಲೋಳೆಮೀನು ಕಾಲಿಗೆ ಸುತ್ತಿಕೊಂಡಿತ್ತಂತೆ. ತೊಡೆಯಿಂದ ಹಿಮ್ಮಡಿಯ ತನಕ ಹಗ್ಗದಿಂದ ಬಾರಿಸಿದ ಹಾಗೆ ಕೆಂಪು ಬಾಸುಂಡೆ ಎದ್ದು, ಕಾಲು ಬಾಯುತ್ತಿತ್ತು. ಪಂದ್ಯದ ಡಾಕ್ಟರರು ಓಡಿ ಬಂದು ಔಷಧ ಸುರಿದರು. "ಸಾಕು ಬಿಡಮ್ಮ, ಮುಂದಿನ ಸಲ ನೋಡೋಣ" ಎಂದರು.

ಹಣಮವ್ವ ಅಷ್ಟರಲ್ಲಿ ಎದ್ದಾಗಿತ್ತು. ಹಗ್ಗದ ತನಕ ಹೇಗೆ ಬಂದಳೋ ಅವಳಿಗೇ ತಿಳಿಯದು.

"ಸಾಹೇಬ್ರ, ಜೀವಕ್ಕೇನರ ಧೋಕಾ ಅದ ಏನ್ರಿ?"

"ಜೀವಕ್ಕೇನಿಲ್ಲ ಅಮ್ಮಾ. ಆದರೆ ಉರಿ ವಿಪರೀತ ಇರುತ್ತೆ."

ಹಣಮವ್ವ ಮಗಳ ಕಡೆ ನೋಡಿದಳು. ಗಂಗುಬಾಯಿಯ ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಕಚ್ಚಿ ಹಿಡಿದಿದ್ದಳು.

"ಉರಿ ಅಂತ. ಏನ್ ಮಾಡ್ತಿ?"

"ಹೋಗ್ತೇನಿ ಯವ್ವಾ."

"ಮತ್ತ ನಿಂತು ಯಾಕ ಮಾತಾಡಾಕತ್ತಿ? ಹೋಗು!"

ಗಂಗುಬಾಯಿ ಸೈಕಲ್ ಹತ್ತಿದಳು. ಲಾಡ್ಲೆಸಾಬ ಬಿಗಿದ ಆ ಎತ್ತಿನಂಥ ಸೈಕಲ್ಲು ಹೆದ್ದಾರಿಯ ತಿರುವಿನಲ್ಲಿ ಮರೆಯಾಯಿತು. ಬಿಸಿಲೇರಿತು. ಬೀರಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸೈಕಲ್ಲುಗಳು ಮರಳತೊಡಗಿದಾಗ ಮಗಳು ಹೆಣ್ಣುಮಕ್ಕಳಲ್ಲಿ ಆರನೆಯವಳು. ಸೈಕಲ್ ಬಿಟ್ಟು ಓಟಕ್ಕೆ ಇಳಿದಳು. ಮೊದಲ ಹೆಜ್ಜೆಗಳು ನೋಡುವಂತಿರಲಿಲ್ಲ, ಬಾತ ಕಾಲು ನೆಲ ಮುಟ್ಟಿದಾಗಲೆಲ್ಲ ಮೈ ಒಂದು ಕಡೆ ವಾಲುತ್ತಿತ್ತು. ಆಮೇಲೆ ಹೇಗೋ ಒಂದು ಲಯ ಹಿಡಿದಳು. ದಂಡೆಯ ರಸ್ತೆಯಲ್ಲಿ ಮತ್ತೆ ಮತ್ತೆ ಹೋಗಿ ತಿರುಗಿ ಬರುವ ಓಟ ಅದು. ಒಂದು ಸಲ ಹೋಗಿ ಬಂದಾಗ ಐದನೆಯವಳಾಗಿದ್ದಳು. ಮತ್ತೊಮ್ಮೆ ಕಂಡಾಗ ನಾಲ್ಕನೆಯವಳು.

ಕಡೆಯ ತಿರುವಿನಲ್ಲಿ ಮೂರನೆಯವಳಿಗೂ ಅವಳಿಗೂ ನಡುವೆ ಇದ್ದದ್ದು ಒಂದು ಮಾರಿನ ಅಂತರ. ಹಣಮವ್ವ ಎದ್ದಳು. ಮರಳಿನಲ್ಲಿ ಸೀರೆ ತೊಡರುತ್ತಿತ್ತು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಗ್ಗದ ಗುಂಟ, ಮಗಳ ಸರಿಸಮಕ್ಕೆ, ಆ ಕಂಬದಂಥ ಕಾಲನ್ನು ಎತ್ತಿ ಎತ್ತಿ ಇಡುತ್ತ ಧಡಧಡ ನಡೆದಳು. ನಡೆದಳೋ ಓಡಿದಳೋ, ಬೀರಣ್ಣನಿಗೂ ಹೇಳಲಾಗಲಿಲ್ಲ.

"ಓಡ ಬೇ ಗಂಗೀ! ಓಡ ನನ್ನವ್ವಾ! ಇನ್ನೊಂದೀಟ ಅದ, ಓಡ!"

ಆ ದನಿಗೆ ಜನ ದಾರಿ ಬಿಟ್ಟರು. ಗಂಗುಬಾಯಿ ತಿರುಗಿ ನೋಡಲಿಲ್ಲ, ಆದರೆ ಕೇಳಿಸಿತೆಂಬುದು ಅವಳ ಕಾಲುಗಳಲ್ಲಿ ಕಂಡಿತು. ಎದುರಿನ ಹುಡುಗಿಯನ್ನು ದಾಟಿದಳು. ಮೂರನೆಯವಳಾಗಿ ಗೆರೆ ಮುಟ್ಟಿ, ಅಲ್ಲೇ ಮರಳ ಮೇಲೆ ಬಿದ್ದಳು.

ತಾಯಿ ಮಗಳು ಪಕ್ಕ ಪಕ್ಕ ಕೂತು ದಮ್ಮು ಸುಧಾರಿಸಿಕೊಳ್ಳುತ್ತಿದ್ದಾಗಲೇ ಹಣಮವ್ವನಿಗೆ ಅರಿವಾದದ್ದು. ಸೀರೆ ಇನ್ನೂ ಸೊಂಟದಲ್ಲೇ ಇತ್ತು. ಮೊಣಕಾಲಿನ ತನಕ ಕಾಲು ಬಯಲಾಗಿತ್ತು. ಸುತ್ತ ಊರಿಗೆ ಊರೇ ನೆರೆದಿತ್ತು. ಇಷ್ಟು ಹೊತ್ತು ಅದರ ನೆನಪೇ ತನಗಿರಲಿಲ್ಲವಲ್ಲ ಎಂದು ಅವಳಿಗೇ ಸೋಜಿಗವಾಯಿತು. ಕೈ ನೆರಿಗೆಯ ಕಡೆ ಹೋಯಿತು. ಅದೇ ಹೊತ್ತಿಗೆ ಕನ್ನಡ ಪತ್ರಿಕೆಯ ಫೋಟೋದವನೊಬ್ಬ ಬಂದು ನಿಂತ. ಎಲ್ಲಿಯವರು, ಏಕೆ ಬಂದರು ಎಂಬುದನ್ನು ಬೀರಣ್ಣನಿಂದ ಕೇಳಿ ತಿಳಿದಿದ್ದ. ಹಣಮವ್ವನ ಕಾಲನ್ನು ನೋಡಿ ಸಂಕೋಚದಿಂದ ಕೇಳಿದ:

"ಅಮ್ಮಾ, ಮುಖ ಮಾತ್ರ ಬರೋ ಹಾಗೆ ತೆಗೀಲಾ?"

ಗಂಗುಬಾಯಿ ತಾಯಿಯ ಮುಖ ನೋಡಿದಳು. ಹಣಮವ್ವನ ಕೈ ನೆರಿಗೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಆ ಕೈಯನ್ನು ಎತ್ತಿ ಮಗಳ ಹೆಗಲ ಮೇಲಿಟ್ಟಳು. ತನ್ನ ಬಲಗಾಲನ್ನು ಮಗಳ ಬಾತ ಕಾಲಿನ ಪಕ್ಕಕ್ಕೆ ಚಾಚಿದಳು.

"ಕಾಲೂ ಬರ್ಲಿ" ಎಂದಳು. "ಅದರ ಸಲುವಾಗೇ ಬಂದೀವಿ."

ಆ ಫೋಟೋ ಪತ್ರಿಕೆಯಲ್ಲಿ ಬಂದಾಗ ಇವರು ಊರಿಗೆ ಮರಳಿ ವಾರವಾಗಿತ್ತು. ಶಾಲೆಯವರು ಹಲಗೆಗೆ ಹಚ್ಚಿದರು. ಲಾಡ್ಲೆಸಾಬ ಅಂಗಡಿಯ ಗೋಡೆಗೆ ಅಂಟಿಸಿದ. ಡಾಕ್ಟರ್ ನಜಮುನ್ನಿಸಾ ಜೇವರ್ಗಿಯಿಂದ ಬಸ್ಸಿನಲ್ಲಿ ಬಂದು ಹಣಮವ್ವನನ್ನು ತಬ್ಬಿಕೊಂಡು, "ನಾ ಹತ್ತು ವರ್ಷ ಬಡಕೊಂಡ್ರೂ ಆಗಲಾರದ್ದು ನಿನ್ನ ಒಂದು ಫೋಟೋದಿಂದ ಆತಲ್ಲ ತಾಯೀ. ನಿನ್ನೆ ನಾಲ್ಕು ಮಂದಿ ಹೆಣ್ಣುಮಕ್ಕಳು ತಾವಾಗೇ ದವಾಖಾನಿಗೆ ಬಂದಿದ್ರು" ಎಂದರು. ಹಣಮವ್ವ ನಾಚಿ, ಚಹಾ ಮಾಡುವ ನೆವದಲ್ಲಿ ಒಳಗೆ ಹೋದಳು.

ಮುಂದಿನ ವಾರ ಮನೆಯ ಮುಂದೆ ಒಂದು ಜೀಪು ನಿಂತಿತು. ಇಳಿದವರು ಆಳಂದದ ದೌಲತರಾಯ ಪಾಟೀಲರು. ತೊಗರಿಯ ಮಾತಿಗೆ ಬಂದಿರಬೇಕೆಂದು ಬೀರಣ್ಣ ಕಂಬಳಿ ಹಾಸಿದ. ಅವರು ಕೂರಲಿಲ್ಲ. ಅಂಗಳದಲ್ಲೇ ನಿಂತು, ಕೈಯಲ್ಲಿ ಮಡಿಸಿ ಹಿಡಿದ ಪತ್ರಿಕೆಯನ್ನು ಮತ್ತಷ್ಟು ಮಡಿಸುತ್ತ ಹೇಳಿದರು:

"ಹಣಮವ್ವ, ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ. ನನ್ನ ಮನಿಯಾಕಿ. ಮಗಳ ಲಗ್ನಕ್ಕ ಅಡ್ಡಿ ಆಗ್ತದ ಅಂತ ಯಾರಿಗೂ ಹೇಳಿಲ್ಲ, ಡಾಕ್ಟರಿಗೂ ತೋರಿಸಿಲ್ಲ. ನಿನ್ನ ಫೋಟೋ ನೋಡಿದ ದಿನದಿಂದ ಹಟ ಹಿಡದಾಳ, ಆಕಿನ್ನ ಕರಕೊಂಡು ಬರ್ರಿ ಅಂತ." ಸ್ವಲ್ಪ ತಡೆದು, "ಬರ್ತಿ ಏನವ್ವಾ?" ಎಂದರು.

ಅಷ್ಟು ದೊಡ್ಡ ಮನುಷ್ಯ ತನ್ನನ್ನು ಅವ್ವಾ ಎಂದು ಕರೆದದ್ದು ಹಣಮವ್ವನ ಕಿವಿಗೆ ಬಿತ್ತು. ಮಗಳ ತಲೆ ತಗ್ಗಿಸಿದ ಮನುಷ್ಯ ಇವನೇ ಎಂಬುದೂ ನೆನಪಿತ್ತು. ಆದರೆ ಯಾರಿಗೂ ಕಾಣದೆ ಅವನ ಮನೆಯೊಳಗೆ ಕೂತ ಹೆಂಗಸು ತನಗೇನೂ ಮಾಡಿರಲಿಲ್ಲ.

"ಬರ್ತೇನ್ರಿ" ಎಂದಳು. "ಸಾಬಾಣ ತಗೊಂಡು ಬರ್ತೇನಿ, ತಡೀರಿ."

ಆಳಂದದ ವಾಡೆಯ ಮಾಳಿಗೆಯ ಕೋಣೆಯಲ್ಲಿ ಪಾಟೀಲರ ಹೆಂಡತಿ ಸುಂದರಬಾಯಿ ಮಂಚದ ಮೇಲೆ ಕೂತಿದ್ದರು. ರೇಷ್ಮೆಯ ಸೀರೆ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಸೀರೆಯ ನೆರಿಗೆ ಕಾಲಿನ ಸುತ್ತ ಹರಡಿತ್ತು. ಆ ಹರಡಿದ ರೀತಿಯನ್ನು ನೋಡಿದ ಕೂಡಲೇ ಹಣಮವ್ವನಿಗೆ ಎಲ್ಲವೂ ತಿಳಿಯಿತು. ಅವಳು ನೆಲಕ್ಕೆ ಕೂತಳು. "ಅವ್ವಾರ, ಕಾಲು ಇತ್ತ ಕೊಡ್ರಿ" ಎಂದು, ಡಾಕ್ಟರಬಾಯಿ ತನಗೆ ಮಾಡಿದ ಹಾಗೆಯೇ ಆ ಕಾಲನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ಚರ್ಮ ಬಿರಿದಿತ್ತು, ಬೆರಳ ಸಂದಿಗಳು ಹುಣ್ಣಾಗಿದ್ದವು.

"ಬಿಸಿನೀರು ಬೇಕ್ರಿ" ಎಂದಳು. ಬಾಗಿಲಲ್ಲಿದ್ದ ಆಳುಮಗಳು ಹಿಂದೆಮುಂದೆ ನೋಡಿದಳು. ಸ್ವಲ್ಪ ಹೊತ್ತಿಗೆ ನೀರಿನ ಬೋಗುಣಿ ಹೊತ್ತು ಮೆಟ್ಟಿಲು ಹತ್ತಿ ಬಂದವರು ದೌಲತರಾಯರೇ. ಬೋಗುಣಿ ಇಟ್ಟು ಹೊರಗೆ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು, ತೊಳೆಯುವುದು ಹೇಗೆ, ಒರೆಸುವುದು ಹೇಗೆ ಎಂಬುದನ್ನೆಲ್ಲ ಶಾಲೆಯ ಹುಡುಗನ ಹಾಗೆ ನೋಡಿದರು.

ನೀರು ಆರುವ ಹೊತ್ತಿಗೆ ಸುಂದರಬಾಯಿ ಮೆಲ್ಲಗೆ ಕೇಳಿದರು:

"ಅಕ್ಕಾ, ಅಲ್ಲಿ ಅಷ್ಟು ಮಂದಿ ಇದ್ರಂತ. ಯಾರೂ ನೋಡಲಿಲ್ಲೇನು?"

"ನೋಡಿದ್ರವ್ವಾ, ನೋಡದೆ ಬಿಡ್ತಾರೇನ? ಮೊದಲ ಕಾಲು ನೋಡಿದ್ರು. ಆಮ್ಯಾಲ, ಈಕಿ ಯಾರ ತಾಯಿ ಅಂತ ಕೇಳಿದ್ರು."

ಸುಂದರಬಾಯಿ ನಕ್ಕರು. ನಗುತ್ತ ನಗುತ್ತ ಅತ್ತರು. ಹಣಮವ್ವ ಬೆರಳ ಸಂದಿ ಒರೆಸುವುದನ್ನು ನಿಲ್ಲಿಸಲಿಲ್ಲ.

ಆ ಸುಗ್ಗಿಗೆ ಆಳಂದದ ಅಡತಿ ಬಜಾರಿನಿಂದ ತೊಗರಿ ಬಂಡಿಗಟ್ಟಲೆ ಬಂತು. ದೌಲತರಾಯರು ತಮ್ಮ ಎರಡು ಜೀಪುಗಳಲ್ಲಿ ಒಂದನ್ನು ಸಂಘಕ್ಕೆ ಕೊಟ್ಟರು. ತೊಗರಿಯ ಹಣದಲ್ಲಿ ಔಷಧ, ಪಟ್ಟಿ, ಡ್ರೈವರನ ಪಗಾರ ಎಲ್ಲ ಹೊಂದಿತು. ಜೀಪಿನ ಮುಂದಿನ ಸೀಟಿನಲ್ಲಿ ಡಾಕ್ಟರಬಾಯಿಯ ಪಕ್ಕ ಹಣಮವ್ವ ಕೂತು ಹೋಗುವುದನ್ನು ಮೂರು ತಾಲೂಕಿನ ಜನ ಕಂಡರು. ಊರ ಚಾವಡಿಯ ಕಟ್ಟೆಯಲ್ಲಿ ಕೂತು, ಸೀರೆಯನ್ನು ಮೊಣಕಾಲಿಗೆ ಏರಿಸಿ, ತನ್ನ ಕಾಲನ್ನೇ ತೊಳೆದು ತೋರಿಸುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಸರಿಯುತ್ತಿದ್ದರು. ಜೇವರ್ಗಿಯ ದವಾಖಾನೆಯಲ್ಲಿ ಅವಳಿಗೊಂದು ಬಿಳಿಯ ಮೇಲಂಗಿಯನ್ನೂ ಕೊಟ್ಟರು. ಇಳಕಲ್ ಸೀರೆಯ ಮೇಲೆ ಅದನ್ನು ತೊಟ್ಟು ಅವಳು ಮೊದಲ ದಿನ ಮನೆಗೆ ಬಂದಾಗ ಬೀರಣ್ಣ, "ನಮಸ್ಕಾರ್ರಿ ಡಾಕ್ಟರಬಾಯಾರ" ಎಂದು ಎದ್ದು ನಿಂತ. ಅವಳು ಹುಸಿಮುನಿಸಿನಿಂದ ಅವನ ಕಡೆ ಟವೆಲ್ಲು ಎಸೆದಳು.

ಮರುವರ್ಷ ಗಂಗುಬಾಯಿ ಮತ್ತೆ ಪಂದ್ಯಕ್ಕೆ ಹೊರಟಳು. ಈ ಸಲ ಗೋವಾ. ಲಾಡ್ಲೆಸಾಬ ಎಲ್ಲಿಂದಲೋ ಒಂದು ಹಗುರ ಸೈಕಲ್ ಹೊಂದಿಸಿದ್ದ. ರೊಟ್ಟಿಯ ಗಂಟು ಸಿದ್ಧವಾಗಿತ್ತು.

"ಯವ್ವಾ, ನಿಂದೂ ಟಿಕೇಟ ತೆಗಸೇನಿ. ಇನ್ನೊಮ್ಮಿ ಸಮುದ್ರ ನೋಡೀಯಂತ ಬಾ" ಎಂದಳು ಗಂಗುಬಾಯಿ.

"ನನಗೆಲ್ಲಿ ಪುರುಸೊತ್ತದ ಬೇ?" ಎಂದಳು ಹಣಮವ್ವ, ತಲೆಗೆ ಸೆರಗು ಹೊದ್ದುಕೊಳ್ಳುತ್ತ. "ಮಂಗಳವಾರ ಆಳಂದ, ಬುಧವಾರ ಜೇವರ್ಗಿ. ಆ ಸುಂದರಬಾಯಾರೂ ನಾಳಿಂದ ನನ್ನ ಜೋಡಿ ಬರ್ತೇನಿ ಅಂದಾರ, ಅವರಿಗೂ ಕಲಿಸಬೇಕು. ನೀವು ಅಪ್ಪ ಮಗಳು ಹೋಗಿ ಬರ್ರಿ. ಗೆದ್ದು ಬಾ ಅಂತ ನಾ ಹೇಳೂದಿಲ್ಲ. ನಡುವ ನಿಲ್ಲಬ್ಯಾಡ, ಅಷ್ಟ."

ಹೊರಗೆ ಜೀಪಿನ ಹಾರನ್ನು ಕೇಳಿಸಿತು. ಹಣಮವ್ವ ಔಷಧದ ಚೀಲ ಎತ್ತಿಕೊಂಡು, ಮಗಳಿಗಿಂತ ಮೊದಲೇ ಹೊಸ್ತಿಲು ದಾಟಿ ಬಿಸಿಲಿಗೆ ನಡೆದಳು.